ಓವರ್ ಕೊಡದೆ ಹೊರಟ ಮಧ್ಯಾಹ್ನ

ನರ್ಸುಗಳ ಬಾಯಲ್ಲಿ ‘ಓವರ್’ ಎಂದರೆ ಕ್ರಿಕೆಟ್ಟಿನ ಆರು ಎಸೆತವಲ್ಲ. ಡ್ಯೂಟಿ ಮುಗಿಸಿ ಹೋಗುವವಳು ಬಂದವಳ ಜೊತೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ಇವರಿಗೆ ಹೀಗಾಗಿದೆ, ಇಷ್ಟು ಕೊಟ್ಟಿದೆ, ಇದು ಉಳಿದಿದೆ ಎಂದು ಬಾಯಿಬಿಟ್ಟು ಹೇಳಿ ವಾರ್ಡನ್ನು ಒಪ್ಪಿಸುವುದಕ್ಕೆ ನಾವು ಓವರ್ ಕೊಡುವುದು ಎನ್ನುತ್ತೇವೆ. ಕೇಳಿಸಿಕೊಂಡವಳು ‘ಓವರ್ ತಗೊಂಡೆ’ ಅನ್ನಬೇಕು. ಆಮೇಲೆಯೇ ಮೊದಲಿನವಳು ಮನೆಗೆ. ಅದರಲ್ಲಿ ಅರ್ಧ ಔಷಧದ ಮಾತು, ಅರ್ಧ ಮನುಷ್ಯರ ಮಾತು. ಮೂಲೆಯ ಹಾಸಿಗೆಯಾಕೆ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ನೀನು ತಿರುಗಿದ ಕೂಡಲೇ ಉಗುಳುತ್ತಾಳೆ, ನಿಂತು ನುಂಗಿಸು. ಕಿಟಕಿ ಪಕ್ಕದ ಬಾಣಂತಿಗೆ ಅತ್ತೆಯ ಎದುರು ನೋವು ಎಷ್ಟಿದೆ ಎಂದು ಕೇಳಬೇಡ, ಇಲ್ಲವೆನ್ನುತ್ತಾಳೆ. ಇಂಥದ್ದು ಯಾವ ಫೈಲಿನಲ್ಲೂ ಇರುವುದಿಲ್ಲ. ಬಾಯಿಂದ ಬಾಯಿಗೆ ದಾಟಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಸೇಡಂನ ಒಂದು ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದೆ. ತವರು ಶಹಾಬಾದು. ಅಬ್ಬಾ ಕಲ್ಲು ಪಾಲಿಶ್ ಮಾಡಿ ನಮ್ಮನ್ನು ಸಾಕಿದರು. ಈಗ ಅಬ್ಬಾ ಇಲ್ಲ, ಅಮ್ಮಿ ಅಣ್ಣನ ಜೊತೆ ಅಲ್ಲೇ ಇದ್ದಾಳೆ. ಸೇಡಂನಲ್ಲಿ ನನ್ನದು ಒಂಟಿ ಕೋಣೆ. ಮದುವೆಯ ಮಾತು ಬಂದು ಬಂದು ತಾನಾಗಿಯೇ ಸುಸ್ತಾಗಿ ನಿಂತುಹೋಗಿತ್ತು. ಹೀಗಾಗಿ ಓವರ್ ಹೊತ್ತೇ ನನಗೆ ಸಂಸಾರ. ಬರುವವರು ಸ್ವಲ್ಪ ಮೊದಲೇ ಬರುತ್ತಿದ್ದರು, ಹೋಗುವವರು ಸ್ವಲ್ಪ ತಡವಾಗಿ ಹೋಗುತ್ತಿದ್ದರು. ವಾರ್ಡು ಒಪ್ಪಿಸಿದ ಮೇಲೆ ಡಬ್ಬಿಗಳು ತೆರೆಯುತ್ತಿದ್ದವು. ಒಬ್ಬಳ ಜೋಳದ ರೊಟ್ಟಿ, ಇನ್ನೊಬ್ಬಳ ಶೇಂಗಾ ಹಿಂಡಿ ಚಟ್ನಿ, ಅಮ್ಮಿ ಕಟ್ಟಿಕೊಟ್ಟ ಉಪ್ಪಿನಕಾಯಿ. ಅಷ್ಟು ಸಿಕ್ಕರೆ ಆ ದಿನದ ಬೈಗುಳವೆಲ್ಲ ಜೀರ್ಣವಾಗುತ್ತಿತ್ತು.

ಹೊಸ ಮ್ಯಾನೇಜರ್ ಸಾಹೇಬರು ಬಂದದ್ದೇ ಮೊದಲು ನಮ್ಮ ಕುರ್ಚಿಗಳನ್ನು ತೆಗೆಸಿದರು. ನರ್ಸ್ ಕೂತರೆ ಕೆಲಸ ಕೂರುತ್ತದೆ ಎನ್ನುವುದು ಅವರ ಸಿದ್ಧಾಂತ. ಆಮೇಲೆ ಮೇಜಿನ ಮೇಲೆ ಕ್ಯಾಮೆರಾ ಬಂತು, ಬಾಗಿಲಲ್ಲಿ ಹೆಬ್ಬೆಟ್ಟಿನ ಮಷಿನ್ನು ಬಂತು. ನಮ್ಮ ಫೋನುಗಳು ಡ್ಯೂಟಿ ಮುಗಿಯುವವರೆಗೆ ಕೌಂಟರಿನ ಡಬ್ಬಿ ಸೇರಿದವು. ನಮ್ಮ ಇನ್‌ಚಾರ್ಜ್ ಅಕ್ಕ, ಆಸ್ಪತ್ರೆ ಶುರುವಾದಾಗಿನಿಂದ ಇದ್ದವಳು, ಒಂದು ಚಾದರಿನ ಕಲೆಗಾಗಿ ರೋಗಿಗಳ ಎದುರೇ ಬೈಸಿಕೊಂಡಳು. ಅವಳು ಚಾದರು ಬದಲಾಯಿಸಿದಳು. ತಿಂಗಳು ಮುಗಿಯುವುದರೊಳಗೆ ಕಲಬುರಗಿಗೆ ಹೋಗಿಬಿಟ್ಟಳು. ಅವಳ ಕೆಲಸ ನನ್ನ ತಲೆಗೆ ಬಂತು, ಹುದ್ದೆ ಬರಲಿಲ್ಲ.

ಕೊನೆಗೆ ಸಾಹೇಬರ ಕಣ್ಣು ಓವರ್ ಮೇಲೆ ಬಿತ್ತು. ಒಂದು ಮಧ್ಯಾಹ್ನ ನಾವು ನಾಲ್ಕು ಜನ ಹಾಸಿಗೆಗಳ ನಡುವೆ ನಿಂತು ಮಾತಾಡುವುದನ್ನು ಕಂಡು, “ಇಲ್ಲೇನ್ ಸಂತಿ ಕೂಡ್ಯಾದೇನ್ರಿ? ಹರಟಿ ಹೊಡಿಲಿಕ್ಕಿ ಪಗಾರ ಕೊಡ್ತೀವೇನು?” ಎಂದರು. ಮರುದಿನದಿಂದ ನಿಯಮವಾಯಿತು. ಡ್ಯೂಟಿ ಮುಗಿದವರು ಹೆಬ್ಬೆಟ್ಟು ಒತ್ತಿ ಹೊರಗೆ, ಅವರು ಹೊರಬಿದ್ದ ಮೇಲೆ ಬರುವವರು ಒಳಗೆ. ಹೇಳುವುದಿದ್ದರೆ ಕಂಪ್ಯೂಟರಿಗೆ ಹೇಳಿ. ಕಂಪ್ಯೂಟರಿನಲ್ಲಿ ಪ್ರತಿ ರೋಗಿಯ ಮುಂದೆ ‘ಸ್ಥಿರ’ ಮತ್ತು ‘ಗಮನ ಬೇಕು’ ಎಂಬ ಎರಡು ಗುಂಡಿ. ಕೊಟ್ಟ ಔಷಧ ಹಸಿರು, ಕೊಡದಿದ್ದದ್ದು ಕೆಂಪು. ಬೇಕೆಂದೇ ತಡೆದದ್ದಕ್ಕೆ ಯಾವ ಬಣ್ಣವೂ ಇರಲಿಲ್ಲ, ಅದೂ ಕೆಂಪೇ. ಕೆಂಪು ಹೆಚ್ಚಾದರೆ ಸಾಹೇಬರ ಫೋನು ಗುಂಯ್‌ಗುಟ್ಟುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದರು.

ಆಮೇಲಿನ ದಿನಗಳಲ್ಲಿ ವಾರ್ಡಿನ ತುಂಬ ಜನರಿದ್ದರೂ ನನಗೆ ಒಬ್ಬಳೇ ಇದ್ದಂತಾಗುತ್ತಿತ್ತು. ಆಕ್ಸಿಜನ್ ಸಿಲಿಂಡರ್ ಇಡುವ ಸಂದಿಯಲ್ಲಿ ನಿಂತು ಡಬ್ಬಿ ತೆರೆದರೆ ಅರ್ಧ ರೊಟ್ಟಿಗೇ ಮುಚ್ಚಿಡುತ್ತಿದ್ದೆ. ಜೊತೆಯವರ ಮುಖವನ್ನು ಗಾಜಿನ ಬಾಗಿಲಿನಾಚೆ ಮಾತ್ರ ನೋಡುತ್ತಿದ್ದೆ. ನಾನು ಹೊರಬರುವಾಗ ಅವರು ಒಳಹೋಗಲು ಕಾದು ನಿಂತಿರುತ್ತಿದ್ದರು. ಕೈ ಎತ್ತಿದರೆ ಕೈ ಎತ್ತುತ್ತಿದ್ದರು. ಕೋಣೆಗೆ ಬಂದು ಬೀಗ ತೆಗೆಯುವಾಗ, ಬೆಳಗಿನಿಂದ ಔಷಧ, ಸೂಜಿ, ಬೆಡ್‌ಪ್ಯಾನ್ ಬಿಟ್ಟು ಒಂದು ಮಾತನ್ನೂ ಆಡಿಲ್ಲವಲ್ಲ ಎಂದು ನೆನಪಾಗಿ ಅಳು ಬರುತ್ತಿತ್ತು. ಒಮ್ಮೊಮ್ಮೆ ಅಳುತ್ತಲೂ ಇದ್ದೆ.

ಮಧ್ಯಾಹ್ನದ ಪಾಳಿಗೆ ಬರುತ್ತಿದ್ದವಳು ಹೊಸ ಹುಡುಗಿ. ಆಂಧ್ರದ ಸಮುದ್ರದ ಕಡೆಯವಳು. ಗಂಡನಿಗೆ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಈ ಕಡೆ ಬಂದಿದ್ದಳು. ಕೈ ಚುರುಕು. ಎಂಥ ಸಣಕಲು ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ಕನ್ನಡ ಮಾತ್ರ ಆಗತಾನೇ ಕಲಿಯುತ್ತಿದ್ದಳು, ಅದೂ ಓವರ್‌ನಲ್ಲಿ. ‘ಬ್ಯಾನಿ ಅಂದ್ರ ಏನಕ್ಕಾ, ಸುಸ್ತಿ ಅಂದ್ರ ಏನಕ್ಕಾ’ ಎಂದು ಹಾಸಿಗೆಯಿಂದ ಹಾಸಿಗೆಗೆ ಕೇಳುತ್ತ ಬರುತ್ತಿದ್ದಳು. ನೋವು, ಆಯಾಸ ಎಂದು ನಾವು ಬಿಡಿಸಿ ಹೇಳುತ್ತಿದ್ದೆವು. ಓವರ್ ನಿಂತ ದಿನ ಅವಳ ಶಾಲೆಯೂ ಮುಚ್ಚಿತು.

ಆಗ ನಮ್ಮಲ್ಲಿ ಚಂದ್ರಂಪಳ್ಳಿ ಕಡೆಯ ಒಬ್ಬ ಅಜ್ಜಿ ಇದ್ದಳು. ವಾರ್ಡಿಗೆಲ್ಲ ಅವಳು ಆಯಿ. ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೀವು ತುಂಬಿತ್ತು. ಊಟಕ್ಕೆ ಮೊದಲು ಇನ್ಸುಲಿನ್, ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಆಯಿಯ ವಿಷಯದಲ್ಲಿ ತಿಳಿದಿರಬೇಕಾದ ಸಂಗತಿ ಎರಡು. ಮೈ ಒರೆಸಿಕೊಂಡು, ಲಿಂಗಪೂಜೆ ಮುಗಿಸದ ಹೊರತು ಅವಳು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಎರಡನೆಯದು, ಪೂಜೆ ತಡವಾದರೆ, ಬಂದ ಅನ್ನ ಕಾಯಬಾರದು ಎಂದು ತನ್ನ ತಟ್ಟೆಯನ್ನು ಪಕ್ಕದ ಹಾಸಿಗೆಯವಳ ಜೊತೆಗಿದ್ದವರಿಗೆ ಕೊಟ್ಟುಬಿಡುತ್ತಿದ್ದಳು. ಹಳೆಯ ದಿನಗಳಾಗಿದ್ದರೆ ಆಯಿಯ ಓವರ್ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ತಟ್ಟೆ ಖಾಲಿ ಇದ್ದರೆ ನಂಬಬೇಡ, ಹಣೆ ನೋಡು. ವಿಭೂತಿ ಹೊಸದಾಗಿದ್ದರೆ ಉಂಡಿದ್ದಾಳೆ.

ಆ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡಬೇಕಿದ್ದ ಡಾಕ್ಟರು ಆಪರೇಷನ್ನಿನಲ್ಲಿ ಸಿಕ್ಕಿಬಿದ್ದರು. ಗಾಯ ಕಟ್ಟದೆ ಮೈ ಒರೆಸುವಂತಿಲ್ಲ, ಮೈ ಒರೆಸದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಸಕ್ಕರೆ ಪರೀಕ್ಷಿಸಿದೆ, ಹೆಚ್ಚೇನೂ ಇರಲಿಲ್ಲ. ಡಾಕ್ಟರಿಗೆ ವಾರ್ಡಿನ ಫೋನಿನಲ್ಲಿ ಕೇಳಿ ಬೆಳಗಿನ ಇನ್ಸುಲಿನ್ ತಡೆದೆ. ಕಂಪ್ಯೂಟರು ಕೆಂಪಾಯಿತು, ಆಗಲಿ ಎಂದೆ. ಡ್ರೆಸ್ಸಿಂಗ್ ಆದಾಗ ನನ್ನ ಡ್ಯೂಟಿ ಮುಗಿಯುತ್ತ ಬಂದಿತ್ತು. ಬಿಸಿನೀರಿಗೆ ಹೇಳಿ, “ಆಯಿ, ಮೈ ಒರಸೇ ಹೋಗ್ತೀನಿ” ಎಂದೆ. ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

ಡ್ಯೂಟಿ ಮುಗಿದ ಮೇಲೂ ಒಳಗಿರುವುದು ನಾಟಕ ಎಂದರು. ಇನ್ನೊಂದು ಸ್ವಲ್ಪ ಹೊತ್ತು, ಬರುವವಳಿಗೆ ಒಂದು ಮಾತು ಹೇಳಿ ಹೋಗುತ್ತೇನೆ ಎಂದೆ. ಕಂಪ್ಯೂಟರಿನಲ್ಲಿ ಹಾಕಿ ಎಂದರು. ಅಲ್ಲಿ ಹಾಕಲು ಜಾಗವಿಲ್ಲ ಸಾರ್ ಎಂದೆ. ಎಲ್ಲರೂ ನೋಡುತ್ತಿದ್ದರು, ರೋಗಿಗಳು, ಅವರ ಜೊತೆಗಿದ್ದವರು, ಕಸ ಗುಡಿಸುವ ಹೆಂಗಸು. ಅವರು ನನ್ನ ಮುಂದೆ ಮುಂದೆ ನಡೆದು ಮಷಿನ್ನಿನ ಬಳಿ ನಿಂತರು. ಹೆಬ್ಬೆಟ್ಟು ಒತ್ತಿದೆ. ಒತ್ತಿದ ಕೂಡಲೇ ನನ್ನ ಹೆಸರಿನ ಕಂಪ್ಯೂಟರು ಮುಚ್ಚುತ್ತದೆ, ಇನ್ನು ‘ಗಮನ ಬೇಕು’ ಎಂದು ಒತ್ತಲೂ ಬರುವುದಿಲ್ಲ. ಗಾಜಿನ ಬಾಗಿಲಲ್ಲಿ ಹೊಸ ಹುಡುಗಿ ಎದುರಾದಳು. ಸಾಹೇಬರು ನಮ್ಮಿಬ್ಬರ ನಡುವೆ ನಿಂತೇ ಇದ್ದರು. ಅವಳು ಒಳಗೆ ಹೋದಳು, ನಾನು ಹೊರಗೆ ಬಂದೆ.

ಮರುದಿನ ನನಗೆ ರಜೆಯಿತ್ತು, ಊರಿಗೆ ಹೊರಟಿದ್ದೆ. ಚಿತ್ತಾಪುರ, ವಾಡಿ ದಾಟಿ ಶಹಾಬಾದಿಗೆ ಹೋಗುವ ಪ್ಯಾಸೆಂಜರ್ ಹಿಡಿಯಲು ಆಸ್ಪತ್ರೆಯಿಂದ ನೇರ ಸ್ಟೇಷನ್ನಿಗೆ ಹೋದೆ. ಅಲ್ಲಿಂದ ಆಸ್ಪತ್ರೆಗೆ ಫೋನ್ ಮಾಡಿದರೆ ಕೌಂಟರಿನವಳು, ಡ್ಯೂಟಿಯಲ್ಲಿದ್ದವರಿಗೆ ಫೋನ್ ಕೊಡುವಂತಿಲ್ಲ, ನನ್ನ ಕೆಲಸ ಹೋಗುತ್ತದೆ ಎಂದು ಪಿಸುಗುಟ್ಟಿದಳು. ರೈಲು ಬಂತು. ಹತ್ತಿ ಕೂತೆ. ಹುಡುಗಿ ಬುದ್ಧಿವಂತೆ, ಸಕ್ಕರೆ ನೋಡದೆ ಏನೂ ಕೊಡಲಾರಳು ಎಂದುಕೊಂಡೆ. ಆದರೆ ಸಕ್ಕರೆ ನೋಡುವ ಪಟ್ಟಿಗಳು ಸಾಹೇಬರ ಕಪಾಟಿನಲ್ಲಿದ್ದವು. ಕೇಳಿದರೆ, ಕಾದರೆ ಸಿಗುತ್ತಿದ್ದವು. ಕಂಪ್ಯೂಟರಿನ ಕೆಂಪು ಮಾತ್ರ ಕಾಯುವುದಿಲ್ಲ. ಆಯಿಯ ಖಾಲಿ ತಟ್ಟೆ ಕಣ್ಣ ಮುಂದೆ ಬಂತು. ರೈಲು ಅಲುಗಿದಾಗ ಇಳಿದುಬಿಟ್ಟೆ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನ ಕಾಕಾ ತಡೆದರು. ಡ್ಯೂಟಿ ಇಲ್ಲದ ಸ್ಟಾಫನ್ನು ಬಿಡುವಂತಿಲ್ಲ ಎಂದು ಅವರಿಗೂ ಆಜ್ಞೆಯಾಗಿತ್ತು. ಹಾಗಾದರೆ ರೋಗಿಯನ್ನು ನೋಡಲು ಬಂದವರನ್ನು ಬಿಡುತ್ತೀರಲ್ಲ, ನನಗೊಂದು ಪಾಸ್ ಕೊಡಿ ಎಂದೆ. ಅವರು ಪೆನ್ನು ತೆಗೆದರು.

“ಯಾರಿಗಿ ನೋಡಬೇಕ್ರಿ?”

“ಚಂದ್ರಂಪಳ್ಳಿ ಆಯಿಗಿ.”

“ನಿಮಗೇನಾಗಬೇಕು?”

“ಮಗಳು.”

ಕಾಕಾಗೆ ನನ್ನ ಹೆಸರು ಗೊತ್ತು, ನಮ್ಮ ಅಬ್ಬಾನ ಹೆಸರೂ ಗೊತ್ತು. ಗೋಕುಲಾಷ್ಟಮಿಗೂ ಇಮಾಂಸಾಬಿಗೂ ಏನು ಸಂಬಂಧ ಎಂದು ಕೇಳಬಹುದಿತ್ತು. ಕೇಳಲಿಲ್ಲ. ತಲೆ ತಗ್ಗಿಸಿ ‘ಮಗಳು’ ಎಂದೇ ಬರೆದು ಚೀಟಿ ಹರಿದುಕೊಟ್ಟರು.

ಒಳಗೆ ಹೋದಾಗ ಹುಡುಗಿ ಆಯಿಯ ಕೈ ಹಿಡಿದು ನಿಂತಿದ್ದಳು. ಆಯಿಯ ಮೈಯೆಲ್ಲ ತಣ್ಣನೆಯ ಬೆವರು. ಕರೆದರೆ ಕಣ್ಣು ತೆರೆಯುತ್ತಿದ್ದಳು, ಯಾರೆಂದು ತಿಳಿಯುತ್ತಿರಲಿಲ್ಲ. ತಟ್ಟೆ ಖಾಲಿ. ಹಣೆಯೂ ಖಾಲಿ.

“ಅಕ್ಕಾ, ಚಕ್ಕೆರ ಬಂದದ ಅಂದ್ರು. ಎರಡು ಸಲ ಅಂದ್ರು. ಊಟ ಆಗ್ಯಾದ ಅಂತ ಸೂಜಿ ಕೊಟ್ಟೆ,” ಎಂದಳು.

ಆಯಿ ಅಂದದ್ದು ಚಕ್ಕರ್. ನಮ್ಮ ಕಡೆ ಚಕ್ಕರ್ ಬರುವುದೆಂದರೆ ತಲೆ ತಿರುಗುವುದು. ಹಸಿದ ಹೊಟ್ಟೆಯಲ್ಲಿ ಸಕ್ಕರೆ ಇಳಿದು ಆಗಲೇ ತಲೆ ಸುತ್ತುತ್ತಿತ್ತು, ಅದನ್ನೇ ಹೇಳಿದ್ದಳು. ತೆಲುಗಿನಲ್ಲಿ ಚಕ್ಕೆರ ಎಂದರೆ ಸಕ್ಕರೆ. ಹೈದರಾಬಾದ್ ಕಡೆಯ ತೆಲುಗರಾಗಿದ್ದರೆ ತಿಳಿಯುತ್ತಿತ್ತು, ಅವರೂ ಚಕ್ಕರ್ ಎನ್ನುತ್ತಾರೆ. ಇವಳ ಊರಿನಲ್ಲಿ ಆ ಮಾತಿಲ್ಲ. ಸಕ್ಕರೆ ಏರಿದೆ ಎಂದು ತಿಳಿದಳು. ಪಟ್ಟಿ ಕೇಳಿದ್ದಳು, ಕಾಯಿರಿ ಎಂದಿದ್ದರು. ಕಂಪ್ಯೂಟರಿನಲ್ಲಿ ಬೆಳಗಿನ ಇನ್ಸುಲಿನ್ ಕೆಂಪಗೆ ಉರಿಯುತ್ತಿತ್ತು. ಇಳಿಯುತ್ತಿದ್ದ ಸಕ್ಕರೆಯನ್ನು ಇನ್ನಷ್ಟು ಇಳಿಸುವ ಸೂಜಿ ಹೀಗೆ ಆಯಿಯ ಮೈ ಸೇರಿತ್ತು.

ಬೈಯುವ ಹೊತ್ತಲ್ಲ ಅದು. ಎದುರಿನ ಹಾಸಿಗೆಯವರು ಮನೆಯಿಂದ ತಂದುಕೊಂಡಿದ್ದ ಸಕ್ಕರೆ ನೋಡುವ ಯಂತ್ರ ಬೇಡಿದೆ. ನಲವತ್ತಕ್ಕೂ ಕೆಳಗೆ ತೋರಿಸಿತು. ಹುಡುಗಿ ಡಾಕ್ಟರಿಗೆ ಫೋನ್ ಹಚ್ಚಿ ಹೇಳಿದಳು, ಅವರು ಗ್ಲೂಕೋಸ್ ಕೊಡಿ, ಬಂದೆ ಎಂದರು. ನಾನು ಪಾಸಿನ ಮೇಲೆ ಬಂದವಳು, ಔಷಧ ಮುಟ್ಟುವಂತಿಲ್ಲ. ಅವಳೇ ಮಾಡಿದಳು, ನಾನು ಪಕ್ಕದಲ್ಲಿ ನಿಂತೆ. ಆಯಿಯ ಕೈಗೆ ಮೊದಲೇ ಹಾಕಿದ್ದ ಸೂಜಿನಳಿಕೆ ಕಟ್ಟಿಕೊಂಡಿತ್ತು, ಉಪ್ಪುನೀರು ಬಿಟ್ಟರೂ ತೆರೆಯಲಿಲ್ಲ. ಇನ್ನೊಂದು ಕೈಯಲ್ಲಿ ಹುಡುಕು, ನಿನಗೆ ಸಿಗುತ್ತದೆ ಎಂದೆ. ತೋಳಿಗೆ ಪಟ್ಟಿ ಕಟ್ಟಿ, ಬೆರಳಿನಿಂದ ತಟ್ಟಿ, ಒಂದೇ ಸಲಕ್ಕೆ ಹಿಡಿದಳು. ಗಟ್ಟಿ ಗ್ಲೂಕೋಸ್ ಆದ್ದರಿಂದ ನಿಧಾನವಾಗಿ, ನರ ಊದುತ್ತದೆಯೇ ಎಂದು ನೋಡುತ್ತ ನೋಡುತ್ತ ಬಿಟ್ಟಳು. ಆಮೇಲೆ ಬಾಟಲಿ ಹಚ್ಚಿದಳು. ಸಿರಿಂಜು ಖಾಲಿಯಾಗುವ ಹೊತ್ತಿಗೆ ಆಯಿ ನನ್ನ ಮುಖ ನೋಡಿ, ಗುರುತು ಹಿಡಿದಳು.

“ಮೈ ಒರಸ್ತೀನಿ ಅಂದು ಎಲ್ಲಿ ಹೋಗಿದ್ದಿ?” ಎಂದಳು.

ಕೊಟ್ಟ ಇನ್ಸುಲಿನ್ ಇನ್ನೂ ತಾಸುಗಟ್ಟಲೆ ಕೆಲಸ ಮಾಡುತ್ತದೆ, ಬಾಟಲಿ ಒಂದನ್ನೇ ನಂಬುವಂತಿಲ್ಲ, ಹೊಟ್ಟೆಗೆ ಬೀಳಲೇಬೇಕು. ಉಣ್ಣು ಎಂದರೆ ಆಯಿ ತುಟಿ ಬಿಗಿದಳು. ಪ್ರಾಣ ಹೋಗಿ ಬಂದರೂ ಕ್ರಮ ತಪ್ಪಲಾರಳು. ಬಿಸಿನೀರು ತಂದು ಮೈ ಒರೆಸಿದೆ. ಗಂಟಿನಿಂದ ವಿಭೂತಿ ತೆಗೆದು ಅವಳ ಬಲಗೈಗೆ ಕೊಟ್ಟು, ಎಡ ಅಂಗೈ ತೊಳೆದು, ನೀರಿನ ಲೋಟ ಹಿಡಿದು ಕೂತೆ. ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು. ಆ ಕೆಲವು ನಿಮಿಷ ಬಾಟಲಿಯ ಹನಿ ನೋಡುತ್ತ ನಾನೂ ನನಗೆ ತಿಳಿದ ದೇವರನ್ನು ಬೇಡಿಕೊಂಡೆ. ಆಮೇಲೆ ಹಾಲು ಅನ್ನ ಉಂಡಳು. ಸಂಜೆಯವರೆಗೆ ಮತ್ತೆ ಮತ್ತೆ ಸಕ್ಕರೆ ನೋಡಿದೆವು, ಇಳಿಯುವುದು ನಿಂತಿತು.

ಮರುದಿನ ರಜೆಯಿದ್ದರೂ ನನ್ನನ್ನು ಕರೆಸಿದರು. ಬೇರೆಯವರು ಬರುವ ಮೊದಲೇ ಸಾಹೇಬರು ಕೂರಲು ಹೇಳಿ ಚಹಾ ತರಿಸಿದರು. ಅವರ ಪ್ರಕಾರ ಆಯಿಯ ಮನೆಯವರ ಎದುರು ನಾನು ಹೇಳಬೇಕಾದದ್ದು ಒಂದೇ ಮಾತು, ಬಾಗಿಲಲ್ಲಿ ಹೊಸ ಹುಡುಗಿಗೆ ಎಲ್ಲ ಹೇಳಿದ್ದೆ, ಅವಳಿಗೆ ಕನ್ನಡ ತಿಳಿಯಲಿಲ್ಲ ಎಂದು. ಅವಳ ಮೂಲ ಸರ್ಟಿಫಿಕೇಟುಗಳು, ನಮ್ಮೆಲ್ಲರವುಗಳ ಹಾಗೆ, ಸಾಹೇಬರ ಕಪಾಟಿನಲ್ಲೇ ಇದ್ದವು. ಅವಳ ಮೇಲೆ ನರ್ಸುಗಳ ನೋಂದಣಿ ಕಚೇರಿಗೆ ದೂರು ಹೋದರೆ ಅವಳು ಮತ್ತೆ ಎಲ್ಲೂ ಸೂಜಿ ಹಿಡಿಯುವಂತಿಲ್ಲ. “ಇನ್‌ಚಾರ್ಜ್ ಖುರ್ಚಿ ಖಾಲೀನೇ ಅದ,” ಎಂದರು. ಕುರ್ಚಿ ತೆಗೆಸಿದವರೇ ಈಗ ಕುರ್ಚಿ ತೋರಿಸುತ್ತಿದ್ದರು.

ಸುಳ್ಳೇಕೆ, ಆ ಕುರ್ಚಿ ನನಗೆ ಬೇಕಿತ್ತು. ಅಮ್ಮಿಗೆ ಹೇಳಿದ್ದರೆ ಓಣಿಗೆಲ್ಲ ಸಿಹಿ ಹಂಚುತ್ತಿದ್ದಳು. ಹುಡುಗಿ ನನಗೆ ಬಂಧುವಲ್ಲ, ಬಳಗವಲ್ಲ. ಓವರ್ ನಿಂತ ಮೇಲೆ ಗೆಳತಿ ಎನ್ನುವಷ್ಟು ಮಾತೂ ಇರಲಿಲ್ಲ. ಸಾಹೇಬರು ಅದನ್ನೇ ನಂಬಿಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಇಟ್ಟರೆ ಯಾರಿಗೂ ಯಾರೂ ಬೇಕಾಗುವುದಿಲ್ಲ.

ಎಲ್ಲರೂ ಬಂದರು. ಡಾಕ್ಟರು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಕಿಟಕಿ ನೋಡುತ್ತಿದ್ದರು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ. ಸುದ್ದಿ ತಿಳಿದು ಊರಿನಿಂದ ಬಂದಿದ್ದ ಆಯಿಯ ಮಗ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನನ್ನೇ ಕೇಳಿದ, “ನಮ್ಮವ್ವ ಉಂಡಿಲ್ಲ ಅನ್ನೋದು ಈಕಿಗಿ ಯಾರೂ ಹೇಳಿದ್ದಿಲ್ಲೇನ್ರಿ?”

“ಹೇಳಿದ್ದಿಲ್ರಿ,” ಎಂದೆ. “ನಾ ಓವರ್ ಕೊಟ್ಟಿಲ್ಲ. ಕೊಡ್ತೀನಿ ಅಂದ್ರ ಸಾಹೇಬ್ರು ಹೊರಗ ಕಳಿಸಿದ್ರು. ಮಾತು ತಿಳೀಲಾರದ್ದು ಈಕಿ ತಪ್ಪಲ್ರಿ, ಮಾತೇ ಇದ್ದಿಲ್ಲ.”

ಚಹಾ ಕುಡಿಯದೆ ಬಂದೆ. ಆಯಿಯ ಮಗ ಹುಡುಗಿಯ ಮೇಲೆ ದೂರಿಲ್ಲವೆಂದ. ದೂರು ಯಾರ ಮೇಲೆ ಎಂದು ಅವನು ಶುರುಮಾಡಿದಾಗ ಸಾಹೇಬರೇ ಮಾತು ಮುಗಿಸಿದರು. ಅವಳ ಕೆಲಸ ಉಳಿಯಿತು. ಆಯಿ ಕಾಲು ಒಣಗಿಸಿಕೊಂಡು ಊರಿಗೆ ಹೋದಳು. ನಿಯಮ ಒಂದೂ ಬದಲಾಗಲಿಲ್ಲ.

ನನ್ನನ್ನು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು. ಬೆಳಿಗ್ಗೆ ನಾನೇ ಬೀಗ ತೆಗೆಯಬೇಕು, ಸಂಜೆ ನಾನೇ ಹಾಕಬೇಕು. ನನ್ನ ಮೊದಲು ಯಾರೂ ಇಲ್ಲ, ನನ್ನ ನಂತರವೂ ಯಾರೂ ಇಲ್ಲ. ಚೀಟಿ ನೋಡು, ಸೂಜಿ ಚುಚ್ಚು, ಹತ್ತಿ ಒತ್ತು. ಓವರ್ ಕೊಡಬೇಕಿಲ್ಲದ, ತಗೊಳ್ಳಬೇಕಿಲ್ಲದ ಜಾಗ ಇಡೀ ಆಸ್ಪತ್ರೆಯಲ್ಲಿ ಅದೊಂದೇ, ಸಾಹೇಬರು ಹುಡುಕಿಯೇ ಕೊಟ್ಟಿದ್ದರು. ವಾರ್ಡಿನವರು ಕಾರಿಡಾರಿನಲ್ಲಿ ಎದುರಾದರೆ ಕ್ಯಾಮೆರಾ ನೋಡಿ ದಾಟಿಹೋಗುತ್ತಿದ್ದರು. ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಅಮ್ಮಿಗೆ ಫೋನಿನಲ್ಲಿ ಈಗ ಕೆಲಸ ಹಗುರ ಎಂದಷ್ಟೇ ಹೇಳಿದೆ.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ಸಾಲಿನ ಕೊನೆಗೆ ಹೊಸ ಹುಡುಗಿ ನಿಂತಿದ್ದಳು. ಈಗ ಅವಳಿಗೆ ಬೆಳಗಿನ ಪಾಳಿ, ಡ್ಯೂಟಿ ಮುಗಿದು ಮನೆಯ ಸೀರೆಯಲ್ಲಿ ಬಂದಿದ್ದಳು. ಎಲ್ಲ ರೋಗಿಗಳ ಹಾಗೆ ಕೌಂಟರಿನಲ್ಲಿ ಚೀಟಿ ಮಾಡಿಸಿದ್ದಳು. ಅವಳ ಸರದಿ ಬಂತು. ಕ್ಯಾಮೆರಾ ನಮ್ಮ ತಲೆಯ ಮೇಲೆಯೇ ಇತ್ತು. ನಾನು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ.

“ಏನಾಗ್ತದ?”

“ಚಕ್ಕರ್ ಅಕ್ಕಾ,” ಎಂದಳು.

ಅವಳ ಉಚ್ಚಾರ ಸರಿಯಾಗಿತ್ತು. ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. ಅವಳು ಗಡಿಯಾರ ನೋಡುತ್ತ, ತುಟಿ ಹೆಚ್ಚು ಅಲುಗಿಸದೆ ಶುರುಮಾಡಿದಳು. ಮೂಲೆಯ ಹಾಸಿಗೆಗೆ ಚಿಂಚೋಳಿಯ ಬಾಣಂತಿ ಬಂದಿದ್ದಾಳೆ, ಜ್ವರ ಇಳಿದಿದೆ. ಕಿಟಕಿ ಪಕ್ಕದ ಅಜ್ಜಿಗೆ ಕಿವಿ ಕೇಳುವುದಿಲ್ಲ, ಎಡಗಡೆಯಿಂದ ಮಾತಾಡಬೇಕು. ಈಗ ಎಲ್ಲರೂ ಓವರ್ ಕೊಡುತ್ತಾರಂತೆ, ಗಾಜಿನ ಬಾಗಿಲಿನಾಚೆಯ ಬಾತ್‌ರೂಮಿನಲ್ಲಿ, ನಲ್ಲಿ ಬಿಟ್ಟುಕೊಂಡು. ಅಲ್ಲಿ ಕ್ಯಾಮೆರಾ ಇಲ್ಲ. ಒಂದೊಂದೇ ಹಾಸಿಗೆ ದಾಟಿ, ಆಯಿ ಮಲಗುತ್ತಿದ್ದ ಹಾಸಿಗೆಗೆ ಬಂದು, ಅದು ಇವತ್ತು ಖಾಲಿ ಎಂದು ನಿಲ್ಲಿಸಿದಳು. ನಿಲ್ಲಿಸಿ, ನಾನು ಅನ್ನಬೇಕಾದ ಮಾತಿಗೆ ಕಾದಳು.

“ಓವರ್ ತಗೊಂಡೆ,” ಎಂದೆ.

ಪಟ್ಟಿ ಬಿಚ್ಚಿದೆ. ಅವಳು ಚೀಟಿ ಮಡಚಿಕೊಂಡು ಹೋದಳು. ಸೂಜಿಗಳ ಡಬ್ಬಿ ಮುಚ್ಚಿ, ದೀಪ ಆರಿಸಿ, ಕೋಣೆಗೆ ಬೀಗ ಹಾಕಿದೆ.